ಮೂವತ್ತೆಂಟೂವರೆ ಮಾತ್ರೆ: ಆಸ್ಪತ್ರೆಯ ಔಷಧ ಯಂತ್ರಗಳು ಏನನ್ನು ಕಾಯುತ್ತವೆ, ಏನನ್ನು ಕಾಯುವುದಿಲ್ಲ

2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬೋಧನಾ ಆಸ್ಪತ್ರೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಒಂದೇ ಹೊತ್ತಿಗೆ ಮೂವತ್ತೆಂಟೂವರೆ ಮಾತ್ರೆ ನುಂಗಿದ. ಕೊಡಬೇಕಾಗಿದ್ದದ್ದು ಒಂದೇ ಒಂದು. ಮಾತ್ರೆ ಅಪರೂಪದ್ದೇನಲ್ಲ, ಕೋ-ಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಆಂಟಿಬಯಾಟಿಕ್. ಆ ಆಸ್ಪತ್ರೆಯಲ್ಲಿ ಯಾವ ಔಷಧ, ಎಷ್ಟು ಎಂಬ ಆರ್ಡರನ್ನು ವೈದ್ಯರು ಕಂಪ್ಯೂಟರಿನಲ್ಲೇ ಬರೆಯುವ ವ್ಯವಸ್ಥೆ ಇತ್ತು, ಅಪಾಯ ಕಂಡರೆ ಎಚ್ಚರಿಸುವ ಅಲರ್ಟ್‌ಗಳಿದ್ದವು, ಮಾತ್ರೆ ಎಣಿಸಿ ಕಟ್ಟುವ ರೋಬಾಟ್ ಇತ್ತು, ಹಾಸಿಗೆಯ ಪಕ್ಕ ಬಾರ್‌ಕೋಡ್ ಸ್ಕ್ಯಾನರ್ ಕೂಡ ಇತ್ತು. ಆ ದಿನ ಅವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ನಡೆದದ್ದು ಹೀಗೆ. 40 ಕೆಜಿಗಿಂತ ಕಡಿಮೆ ತೂಕದವರಿಗೆ ಡೋಸನ್ನು ಕೆಜಿ ಲೆಕ್ಕದಲ್ಲೇ ಬರೆಯಬೇಕೆಂಬ ನಿಯಮ ಅಲ್ಲಿತ್ತು. ಹುಡುಗನ ತೂಕ 38.6 ಕೆಜಿ. ಕೆಜಿಗೆ 5 ಮಿಲಿಗ್ರಾಂನಂತೆ 193 ಮಿಲಿಗ್ರಾಂ ಆಯಿತು. ಆದರೆ ಮಾತ್ರೆಯಲ್ಲಿರುವುದು 160. ಫಾರ್ಮಸಿಸ್ಟ್ ಆರ್ಡರನ್ನು ಹಿಂದಿರುಗಿಸಿ, 160ಕ್ಕೆ ಇಳಿಸಿದರೆ ಒಂದು ಮಾತ್ರೆಗೆ ಸರಿಹೋಗುತ್ತದೆ ಎಂದು ತಿಳಿಸಿದರು. ವೈದ್ಯರು 160 ಎಂದು ಟೈಪ್ ಮಾಡಿದರು. ಪಕ್ಕದ ಯೂನಿಟ್ ಚೌಕದಲ್ಲಿ ಮಾತ್ರ ಇನ್ನೂ ‘ಪ್ರತಿ ಕೆಜಿಗೆ ಮಿಲಿಗ್ರಾಂ’ ಎಂದೇ ಇತ್ತು. 160ನ್ನು 38.6ರಿಂದ ಗುಣಿಸಿದರೆ 6,176 ಮಿಲಿಗ್ರಾಂ. ಅದನ್ನು 160ರಿಂದ ಭಾಗಿಸಿ, ಅರ್ಧ ಮಾತ್ರೆಗೆ ಸರಿಹೊಂದಿಸಿದರೆ ಮೂವತ್ತೆಂಟೂವರೆ. ಅಲರ್ಟ್ ವೈದ್ಯರಿಗೂ ಬಂತು, ಫಾರ್ಮಸಿಸ್ಟರಿಗೂ ಬಂತು; ದಿನವಿಡೀ ಬರುವ ನೂರಾರು ಅಲರ್ಟ್‌ಗಳ ಜೊತೆ ಅದೂ ಮುಚ್ಚಿಹೋಯಿತು. ರೋಬಾಟ್ ತಪ್ಪಿಲ್ಲದೆ ಎಣಿಸಿತು. ಇಷ್ಟೊಂದು ಮಾತ್ರೆ ಕಂಡು ನರ್ಸ್‌ಗೆ ಅನುಮಾನ ಬಂದರೂ ಸ್ಕ್ಯಾನರ್ ಸರಿ ಎಂದಿತು. ಹುಡುಗನಿಗೆ ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಿತ್ತು, ಬದುಕಿ ಉಳಿದ.

ಈ ಸರಪಳಿಯ ಪ್ರತಿ ಯಂತ್ರವೂ ಕೇಳುವ ಪ್ರಶ್ನೆ ಒಂದೇ: ನನ್ನ ಕೈಗೆ ಬಂದದ್ದು ಹಿಂದಿನವರು ಹೇಳಿದ್ದಕ್ಕೆ ಹೊಂದುತ್ತದೆಯೇ? ಹಿಂದಿನವರು ಹೇಳಿದ್ದು ಸರಿಯೇ ಎಂದು ಕೇಳುವ ಜಾಗಗಳು ಎರಡೋ ಮೂರೋ ಇವೆ, ಅಷ್ಟೆ. ಆ ಜಾಗಗಳು ಎಲ್ಲಿವೆ ಎಂದು ಗೊತ್ತಿಲ್ಲದೆ ಎಷ್ಟು ಯಂತ್ರ ತಂದು ಜೋಡಿಸಿದರೂ, ತಪ್ಪು ಇನ್ನಷ್ಟು ಅಚ್ಚುಕಟ್ಟಾಗಿ ರೋಗಿಯನ್ನು ತಲುಪುತ್ತದೆ.

ಆರ್ಡರ್ ಪರದೆ

1995ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದ ಹೆಸರಾಂತ ಅಧ್ಯಯನವೊಂದರಲ್ಲಿ ಗಂಭೀರ ಔಷಧ ತಪ್ಪುಗಳ ಶೇ 39 ಭಾಗ ವೈದ್ಯರು ಆರ್ಡರ್ ಬರೆಯುವಾಗ ಹುಟ್ಟಿತ್ತು, ಶೇ 38 ಭಾಗ ರೋಗಿಗೆ ಕೊಡುವಾಗ. ಉಳಿದದ್ದು ಆರ್ಡರ್ ನಕಲು ಮಾಡುವುದು ಮತ್ತು ಫಾರ್ಮಸಿಯಿಂದ ಕೊಡುವುದರ ನಡುವೆ ಬಹುಮಟ್ಟಿಗೆ ಸಮನಾಗಿ ಹಂಚಿಹೋಗಿತ್ತು. ಬರೆಯುವಾಗ ಆದ ತಪ್ಪನ್ನು ಹಿಡಿಯಲು ಮುಂದೆ ಫಾರ್ಮಸಿಸ್ಟ್ ಇದ್ದಾರೆ, ನರ್ಸ್ ಇದ್ದಾರೆ. ಕೊಡುವಾಗ ಆದ ತಪ್ಪಿನ ಮುಂದೆ ಇರುವುದು ರೋಗಿ ಮಾತ್ರ. ಹೀಗಾಗಿಯೇ ಯಂತ್ರಗಳ ಹೂಡಿಕೆಯೂ ಈ ಎರಡು ತುದಿಗಳಲ್ಲೇ ಹೆಚ್ಚು.

ಆರ್ಡರ್ ಪರದೆ ಮೊದಲು ಮಾಡಿದ ಉಪಕಾರ ಕೈಬರಹವನ್ನು ತೆಗೆದದ್ದು. ಇನ್ಸುಲಿನ್ ಆರ್ಡರಿನಲ್ಲಿ ಯೂನಿಟ್ ಎಂಬುದಕ್ಕೆ ಬರೆದ ‘ಯು’ ಅಕ್ಷರ ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುವ ಅಪಾಯ ಅಲ್ಲಿಗೆ ಹೋಯಿತು. ಎರಡನೆಯದು ಲೆಕ್ಕ ಮತ್ತು ತಾಳೆ: ತೂಕ, ಅಲರ್ಜಿ, ಕಿಡ್ನಿಯ ಸ್ಥಿತಿ, ಈಗಾಗಲೇ ನಡೆಯುತ್ತಿರುವ ಔಷಧ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪ್ಯಾರಿನ್ ಚಿಕಿತ್ಸೆಗೆ ಸಾಮಾನ್ಯವಾಗಿ ಕೆಜಿಗೆ 1 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಬರೆಯುತ್ತಾರೆ. ಕಿಡ್ನಿ ಎಷ್ಟು ಚೆನ್ನಾಗಿ ಶೋಧಿಸುತ್ತಿದೆ ಎಂದು ಹೇಳುವ ಅಳತೆ, ಕ್ರಿಯಾಟಿನಿನ್ ಕ್ಲಿಯರೆನ್ಸ್, ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗಿಳಿದರೆ ದಿನಕ್ಕೆ ಒಂದೇ ಸಲ. ಲ್ಯಾಬ್ ವರದಿ ಆರ್ಡರ್ ಪರದೆಗೆ ಬಂದು ಸೇರಿದ್ದರೆ ಇದನ್ನು ಕಂಪ್ಯೂಟರ್ ಹಿಡಿಯುತ್ತದೆ. ಸೇರಿಲ್ಲದಿದ್ದರೆ, ಲ್ಯಾಬ್ ಒಂದು ಕಡೆ, ಆರ್ಡರ್ ಇನ್ನೊಂದು ಕಡೆ. ನಡುವೆ ಯಾರಾದರೂ ನೆನಪಿಟ್ಟುಕೊಳ್ಳಬೇಕು.

ತೂಕದ ವಿಷಯದಲ್ಲಿ ಒಂದು ಮಾತು. ತೂಕದ ಚೌಕದಲ್ಲಿ ಕೆಜಿ ಬಿಟ್ಟು ಬೇರೆ ಆಯ್ಕೆಯೇ ಇರಬಾರದು. ಪೌಂಡ್‌ನಲ್ಲಿ ಹೇಳಿದ ಸಂಖ್ಯೆ ಕೆಜಿ ಎಂದು ದಾಖಲಾದರೆ ಮುಂದಿನ ಪ್ರತಿ ಡೋಸೂ 2.2 ಪಟ್ಟು, ಮತ್ತು ಪ್ರತಿ ಯಂತ್ರವೂ ಅದನ್ನು ಸರಿ ಎನ್ನುತ್ತದೆ. ಇನ್ನೊಂದು ಗಮನಿಸದೇ ಹೋಗುವ ಸಂಗತಿ: ತೂಕವನ್ನು ನಂತರ ತಿದ್ದಿದರೂ ಹಳೆಯ ಆರ್ಡರ್‌ಗಳು ಬಹಳಷ್ಟು ವ್ಯವಸ್ಥೆಗಳಲ್ಲಿ ತಾವಾಗಿಯೇ ಬದಲಾಗುವುದಿಲ್ಲ.

ಅಲರ್ಟ್‌ಗಳು ಎರಡು ಬಗೆ. ಒಂದು ‘ಗಮನಿಸಿ’ ಎನ್ನುತ್ತದೆ, ಕಾರಣ ಕೊಟ್ಟು ಮುಂದೆ ಹೋಗಬಹುದು. ಇನ್ನೊಂದು ದಾರಿಯನ್ನೇ ಮುಚ್ಚುತ್ತದೆ. ಮೊದಲ ಬಗೆಯವನ್ನು ವೈದ್ಯರು ಎಷ್ಟು ಸಲ ತಳ್ಳಿಹಾಕುತ್ತಾರೆ ಎಂದು ನೋಡಿದ ಅಧ್ಯಯನಗಳಲ್ಲಿ ಶೇ 49ರಿಂದ ಶೇ 96ರವರೆಗಿನ ಅಂಕಿಗಳು ಬಂದಿವೆ. ಇದು ವೈದ್ಯರ ಸೋಮಾರಿತನವಲ್ಲ. ಸಣ್ಣಪುಟ್ಟದ್ದಕ್ಕೂ ಮಾರಕವಾದದ್ದಕ್ಕೂ ಒಂದೇ ಹಳದಿ ಪೆಟ್ಟಿಗೆ ತೋರಿಸಿದರೆ ಕೈ ತಾನಾಗಿ ಅದನ್ನು ಮುಚ್ಚಲು ಕಲಿಯುತ್ತದೆ. ಕೆಲಸಕ್ಕೆ ಬರುವುದು ಕೆಲವೇ ಕೆಲವು ಗಟ್ಟಿ ತಡೆಗಳು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ. ದಿನವೂ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಪರದೆಯಲ್ಲಿ ‘ವಾರಕ್ಕೊಮ್ಮೆ’ ಎಂಬುದೇ ಮೊದಲೇ ತುಂಬಿರಬೇಕು, ‘ದಿನವೂ’ ಎಂದು ಬದಲಿಸಿದರೆ ಕ್ಯಾನ್ಸರ್ ಚಿಕಿತ್ಸೆ ಎಂಬ ಕಾರಣ ದೃಢವಾಗದೆ ಆರ್ಡರ್ ಮುಂದೆ ಹೋಗಲೇಬಾರದು. ಒಂದು ಡೋಸಿನಲ್ಲಿ ಮೂವತ್ತು ಮಾತ್ರೆ ಬಂದರೂ ಹಾಗೆಯೇ ನಿಲ್ಲಬೇಕು.

ಯಾರೂ ನೋಡದ ಔಷಧ ಕಡತ

ಪರದೆ, ರೋಬಾಟ್, ಸ್ಕ್ಯಾನರ್‌ಗಳೆಲ್ಲ ಕಣ್ಣಿಗೆ ಕಾಣುತ್ತವೆ. ಅವುಗಳ ಹಿಂದೆ ಕುಳಿತಿರುವ ಔಷಧ ಕಡತ ಕಾಣುವುದಿಲ್ಲ, ಆದರೆ ಅದೇ ಎಲ್ಲದರ ಬೇರು. ಆಸ್ಪತ್ರೆಯಲ್ಲಿರುವ ಪ್ರತಿ ಔಷಧಕ್ಕೂ ಅಲ್ಲಿ ಒಂದು ದಾಖಲೆ ಇರುತ್ತದೆ: ಮೂಲ ಹೆಸರು, ಬ್ರ್ಯಾಂಡ್, ಶಕ್ತಿ (ಎಷ್ಟು ಮಿಲಿಗ್ರಾಂ), ರೂಪ, ಅಳತೆಯ ಯೂನಿಟ್, ಕೊಡುವ ಮಾರ್ಗ, ಡೋಸ್ ಮಿತಿ, ಕಪಾಟಿನಲ್ಲಿ ಅದರ ಗೂಡು, ಡ್ರಿಪ್ ಹರಿಸುವ ಪಂಪಿನಲ್ಲಿ ಅದರ ಹೆಸರು, ಮತ್ತು ಅದಕ್ಕೆ ಸೇರಿದ ಎಲ್ಲ ಬಾರ್‌ಕೋಡ್‌ಗಳು.

ಬಾರ್‌ಕೋಡ್‌ನಲ್ಲಿ ಔಷಧದ ಹೆಸರು ಇರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇರುವುದಿಲ್ಲ. ಜಿಎಸ್1 ಎಂಬ ಅಂತರರಾಷ್ಟ್ರೀಯ ಬಾರ್‌ಕೋಡ್ ಪದ್ಧತಿಯ ಚೌಕ ಕೋಡ್‌ನಲ್ಲಿ 01 ಎಂಬ ಗುರುತಿನ ನಂತರ 14 ಅಂಕಿಯ ಉತ್ಪನ್ನ ಸಂಖ್ಯೆ, 17ರ ನಂತರ ಅವಧಿ ಮುಗಿಯುವ ದಿನ, 10ರ ನಂತರ ಬ್ಯಾಚ್ ಸಂಖ್ಯೆ ಇರುತ್ತವೆ. ಹಳೆಯ ಗೆರೆ ಕೋಡ್‌ಗಳಲ್ಲಿ ಬಹುತೇಕ ಉತ್ಪನ್ನ ಸಂಖ್ಯೆ ಮಾತ್ರ. ಅವಧಿ ಮೀರಿದ ವಯಲನ್ನು (ಇಂಜೆಕ್ಷನ್ ಔಷಧದ ಸಣ್ಣ ಬಾಟಲಿ) ಅಂಥ ಕೋಡ್ ಹಿಡಿಯಲಾರದು. ‘ಈ ಸಂಖ್ಯೆ ಎಂದರೆ ಈ ಔಷಧ, ಈ ಶಕ್ತಿ’ ಎಂದು ಹೇಳುವುದು ಆಸ್ಪತ್ರೆಯ ಕಡತವೇ.

ಇಲ್ಲಿ ಎರಡು ರೀತಿಯ ತಪ್ಪಾಗುತ್ತದೆ. ಔಷಧದ ಕೊರತೆಯಾಗಿ ಬೇರೆ ಕಂಪನಿಯ ಪೆಟ್ಟಿಗೆ ಬರುತ್ತದೆ, ಅದರ ಸಂಖ್ಯೆ ಕಡತಕ್ಕೆ ಸೇರಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ನರ್ಸ್ ಸ್ಕ್ಯಾನ್ ಮಾಡಿದರೆ ‘ಗುರುತಿಸಲಾಗಲಿಲ್ಲ’ ಎಂದು ಬರುತ್ತದೆ. ರೋಗಿಗೆ ಔಷಧ ಬೇಕು, ಸ್ಕ್ಯಾನ್ ಬಿಟ್ಟು ಕೊಡುತ್ತಾರೆ. ಇದು ಗದ್ದಲ ಮಾಡುವ ತಪ್ಪು, ಬೆಳಗ್ಗೆ ಯಾರಾದರೂ ದೂರುತ್ತಾರೆ. ಎರಡನೆಯದು ಸದ್ದೇ ಮಾಡುವುದಿಲ್ಲ: 10 ಮಿಲಿಗ್ರಾಂ ಪೆಟ್ಟಿಗೆಯ ಸಂಖ್ಯೆಯನ್ನು 5 ಮಿಲಿಗ್ರಾಂ ದಾಖಲೆಗೆ ಜೋಡಿಸಿದ್ದಾರೆ. ಆಮೇಲೆ ಪ್ರತಿ ವಾರ್ಡಿನಲ್ಲಿ, ಪ್ರತಿ ಪಾಳಿಯಲ್ಲಿ, ತಪ್ಪು ಶಕ್ತಿಗೆ ಹಸಿರು ದೀಪ. ಎರಡಕ್ಕೂ ಪರಿಹಾರ ಒಂದೇ, ಅದೂ ಅಗ್ಗದ್ದು. ಸರಕು ಬಂದ ಕಡೆಯಲ್ಲೇ, ಶೆಲ್ಫಿಗೆ ಇಡುವ ಮೊದಲು, ಹೊಸ ಪೆಟ್ಟಿಗೆಯೊಳಗಿನ ಒಂದು ಸ್ಟ್ರಿಪ್ ಅಥವಾ ವಯಲನ್ನು ಸ್ಕ್ಯಾನ್ ಮಾಡಿ ನೋಡುವುದು. ಹೊರಪೆಟ್ಟಿಗೆಯ ಕೋಡ್ ಬೇರೆ, ಒಳಗಿನದು ಬೇರೆ ಇರುವುದರಿಂದ ಒಳಗಿನದನ್ನೇ ಮಾಡಬೇಕು. ಸಂಖ್ಯೆ ಜೋಡಿಸುವವರು ಒಬ್ಬರು, ನಿಜವಾದ ಸರಕು ಹಿಡಿದು ಸ್ಕ್ಯಾನ್ ಮಾಡಿ ಪರದೆಯಲ್ಲಿ ಬಂದ ಹೆಸರು ಓದುವವರು ಇನ್ನೊಬ್ಬರು ಇರಬೇಕು.

ಹೆಸರಿನ ಗೊಂದಲವೂ ಈ ಕಡತದಲ್ಲೇ ಹುಟ್ಟುತ್ತದೆ. ಹೈಡ್ರಾಕ್ಸಿಜಿನ್ ಅಲರ್ಜಿಗೆ, ಹೈಡ್ರಲಜಿನ್ ರಕ್ತದೊತ್ತಡಕ್ಕೆ. ಇಂಗ್ಲಿಷಿನಲ್ಲಿ ಬೇರೆಯಾಗುವ ಅಕ್ಷರಗಳನ್ನಷ್ಟೇ ದೊಡ್ಡದಾಗಿ ಬರೆದು ಎದ್ದು ಕಾಣುವಂತೆ ಮಾಡುತ್ತಾರೆ. (ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲವಾದ್ದರಿಂದ ಇಲ್ಲಿ ತೋರಿಸಲಾಗದು.) ಆ ಬರಹ ಆರ್ಡರ್ ಪರದೆ, ಲೇಬಲ್, ಕಪಾಟು, ಪಂಪ್ ನಾಲ್ಕರಲ್ಲೂ ಒಂದೇ ರೀತಿ ಇದ್ದರೆ ಮಾತ್ರ ಪ್ರಯೋಜನ.

ವಾರ್ಡಿನ ಕಪಾಟು

ವಾರ್ಡಿನಲ್ಲಿರುವ ಸ್ವಯಂಚಾಲಿತ ಔಷಧ ಕಪಾಟು ಬೀಗ ಹಾಕಿದ ಡ್ರಾಯರ್‌ಗಳ ಸಾಲು. ನರ್ಸ್ ಬೆರಳಚ್ಚು ಕೊಟ್ಟು, ರೋಗಿಯ ಹೆಸರು ಆರಿಸಿದರೆ, ಫಾರ್ಮಸಿಸ್ಟ್ ಪರಿಶೀಲಿಸಿ ಒಪ್ಪಿದ ಔಷಧಗಳ ಪಟ್ಟಿ ಮಾತ್ರ ಕಾಣುತ್ತದೆ. ಒಂದನ್ನು ಆರಿಸಿದರೆ ಅದರ ಗೂಡಿನ ಮುಚ್ಚಳ ಮಾತ್ರ ತೆರೆಯುತ್ತದೆ. ಕೆಲವು ಡ್ರಾಯರ್‌ಗಳಲ್ಲಿ ಮುಚ್ಚಳವಿಲ್ಲದ ಗೂಡುಗಳಿರುತ್ತವೆ. ತೆರೆದರೆ ಇಪ್ಪತ್ತು ಔಷಧ ಒಟ್ಟಿಗೆ ಕೈಗೆ ಸಿಗುತ್ತವೆ. ಹೆಚ್ಚು ಅಪಾಯದ ಔಷಧವನ್ನು ಅಲ್ಲಿ ಇಡುವುದೇ ತಪ್ಪು.

ಈ ಕಪಾಟಿನ ಎಲ್ಲ ಭದ್ರತೆಗೂ ಒಂದು ಹಿಂಬಾಗಿಲು ಇದೆ. ತುರ್ತಿನಲ್ಲಿ ಫಾರ್ಮಸಿಸ್ಟರ ಒಪ್ಪಿಗೆಗೆ ಕಾಯಲಾಗದು, ಆಗ ಓವರ್‌ರೈಡ್ ಒತ್ತಿ ಔಷಧ ತೆಗೆಯಬಹುದು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ಆಸ್ಪತ್ರೆಯಲ್ಲಿ ದೇಹದ ಸ್ಕ್ಯಾನಿಂಗ್ ಪರೀಕ್ಷೆಗೆ ಹೋಗಬೇಕಿದ್ದ ರೋಗಿಗೆ ಆತಂಕ ಕಡಿಮೆ ಮಾಡಲು ಮಿಡಜೋಲಮ್ ಬರೆದಿದ್ದರು. ಅದರ ಬ್ರ್ಯಾಂಡ್ ಹೆಸರು ವರ್ಸೆಡ್. ನರ್ಸ್ ಓವರ್‌ರೈಡ್‌ಗೆ ಹೋಗಿ ವಿ, ಇ ಎಂಬ ಎರಡು ಅಕ್ಷರ ಒತ್ತಿದರು. ಕಪಾಟು ಹುಡುಕುತ್ತಿದ್ದದ್ದು ಮೂಲ ಹೆಸರುಗಳಲ್ಲಿ. ಬಂದದ್ದು ವೆಕುರೋನಿಯಮ್, ಸ್ನಾಯುಗಳನ್ನು ಸ್ತಬ್ಧಗೊಳಿಸಿ ಉಸಿರು ನಿಲ್ಲಿಸುವ ಔಷಧ. ಮಿಡಜೋಲಮ್ ದ್ರವ, ಇದು ಪುಡಿ. ನೀರು ಬೆರೆಸಿ ಕರಗಿಸಬೇಕು. ವಯಲಿನ ಮುಚ್ಚಳದ ಮೇಲೇ ಎಚ್ಚರಿಕೆ ಇತ್ತು. ಔಷಧ ಕೊಟ್ಟ ಜಾಗದಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಇರಲಿಲ್ಲ. ರೋಗಿ ತೀರಿಕೊಂಡರು. 2022ರಲ್ಲಿ ನರ್ಸ್‌ಗೆ ಶಿಕ್ಷೆಯಾಯಿತು. ಎರಡೇ ಅಕ್ಷರಕ್ಕೆ ಅಂಥ ಔಷಧವನ್ನು ಕೈಗಿತ್ತ ಕಪಾಟಿನ ಸೆಟ್ಟಿಂಗ್ ಕಟಕಟೆ ಹತ್ತಲಿಲ್ಲ.

ಈಗ ತಜ್ಞ ಸಂಸ್ಥೆಗಳು ಹೇಳುವುದು ಇಷ್ಟು: ಓವರ್‌ರೈಡ್ ಹುಡುಕಾಟಕ್ಕೆ ಕನಿಷ್ಠ ಐದು ಅಕ್ಷರ ಬೇಕು, ಸ್ನಾಯು ಸ್ತಬ್ಧಗೊಳಿಸುವ ಔಷಧ ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಇರಲೇಬಾರದು, ಬೇಕಾದ ಕಡೆ ಬೀಗದ ಬೇರೆ ಡಬ್ಬಿಯಲ್ಲಿ ಇರಬೇಕು. ಓವರ್‌ರೈಡ್ ಪಟ್ಟಿಯನ್ನು ವಾರ್ಡುವಾರು ಚಿಕ್ಕದಾಗಿ ಕತ್ತರಿಸಬೇಕು. ತುರ್ತು ಚಿಕಿತ್ಸಾ ವಿಭಾಗಕ್ಕೂ ಹೆರಿಗೆ ವಾರ್ಡಿಗೂ ಒಂದೇ ಪಟ್ಟಿ ಇಟ್ಟಿದ್ದಾರೆ ಎಂದರೆ ಅದನ್ನು ಯಾರೂ ಕುಳಿತು ಯೋಚಿಸಿಲ್ಲ ಎಂದೇ ಅರ್ಥ.

ಕಪಾಟು ತುಂಬುವವರ ಕೈಯಲ್ಲೂ ಅಷ್ಟೇ ಅಪಾಯವಿದೆ. ಗೂಡಿನ ಕೋಡನ್ನೂ ಔಷಧದ ಕೋಡನ್ನೂ ಎರಡನ್ನೂ ಸ್ಕ್ಯಾನ್ ಮಾಡದೆ ತುಂಬಿದರೆ, ಪೊಟ್ಯಾಸಿಯಮ್ ಗೂಡಿನಲ್ಲಿ ಸೋಡಿಯಮ್ ಕೂರಬಹುದು.

ಡ್ರಿಪ್ ತಯಾರಾಗುವ ಕೋಣೆ

ಮಾತ್ರೆಯನ್ನು ನೋಡಿದರೆ ಗೊತ್ತಾಗುತ್ತದೆ. ಬಣ್ಣವಿಲ್ಲದ ದ್ರವಕ್ಕೆ ಬಣ್ಣವಿಲ್ಲದ ದ್ರವ ಬೆರೆಸಿದ ಮೇಲೆ ಒಳಗೇನಿದೆ ಎಂದು ಯಾರೂ ಹೇಳಲಾರರು. ಹಳೆಯ ಪದ್ಧತಿಯಲ್ಲಿ ತಂತ್ರಜ್ಞರು ಔಷಧವನ್ನು ಬ್ಯಾಗಿಗೆ ಚುಚ್ಚಿದ ಮೇಲೆ, ಖಾಲಿ ಸಿರಿಂಜಿನ ಹಿಡಿಯನ್ನು ಅಷ್ಟೇ ಗುರುತಿಗೆ ಎಳೆದು ಪಕ್ಕದಲ್ಲಿ ಇಡುತ್ತಿದ್ದರು. ಫಾರ್ಮಸಿಸ್ಟ್ ಅದನ್ನು ನೋಡಿ ಸಹಿ ಹಾಕುತ್ತಿದ್ದರು. ಅದು ತಪಾಸಣೆಯಲ್ಲ, ನಂಬಿಕೆ. ಈಗಿನ ವ್ಯವಸ್ಥೆಯಲ್ಲಿ ಪ್ರತಿ ವಯಲನ್ನೂ ಸ್ಕ್ಯಾನ್ ಮಾಡಬೇಕು, ಚುಚ್ಚುವ ಮೊದಲೇ ತುಂಬಿದ ಸಿರಿಂಜಿನ ಚಿತ್ರ ತೆಗೆಯಬೇಕು. ಇನ್ನೂ ಗಟ್ಟಿಯಾದದ್ದು ತಕ್ಕಡಿ: ಸಿರಿಂಜಿನ ತೂಕವನ್ನು ಮೊದಲು ಮತ್ತು ನಂತರ ನೋಡಿ, ವ್ಯತ್ಯಾಸವನ್ನು ಔಷಧದ ಸಾಂದ್ರತೆಯಿಂದ (ಒಂದು ಮಿ.ಲೀ.ಯ ತೂಕ) ಭಾಗಿಸಿದರೆ ಎಷ್ಟು ಮಿ.ಲೀ. ಎಂದು ತಿಳಿಯುತ್ತದೆ. ನಿಗದಿತ ಅಂತರ ಮೀರಿದರೆ ಲೇಬಲ್ಲೇ ಮುದ್ರಣವಾಗುವುದಿಲ್ಲ. ಇಲ್ಲೂ ಬೇರು ಕಡತದಲ್ಲೇ ಇದೆ. ಸಾಂದ್ರತೆಯ ಅಂಕಿ ತಪ್ಪಾಗಿ ತುಂಬಿದ್ದರೆ ಸರಿಯಾದ ತಯಾರಿ ತಿರಸ್ಕೃತವಾಗುತ್ತದೆ, ತಪ್ಪಿನದು ಹೊರಗೆ ಹೋಗುತ್ತದೆ.

ಎಲ್ಲಕ್ಕೂ ಕಂಪ್ಯೂಟರೇ ಬೇಕೆಂದಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ರಕ್ತನಾಳಕ್ಕೆ ಹೋಗಬೇಕಾದದ್ದು ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಹೆಚ್ಚುಕಡಿಮೆ ಖಚಿತ. ಸಿರಿಂಜಿನ ಬದಲು ಸಣ್ಣ ಬ್ಯಾಗಿನಲ್ಲಿ ತಯಾರಿಸಿದರೆ ಅದನ್ನು ಬೆನ್ನಿಗೆ ಚುಚ್ಚಲು ಯಾರೂ ಕೈಹಾಕುವುದಿಲ್ಲ.

ಹಾಸಿಗೆಯ ಪಕ್ಕ

1992ರಲ್ಲಿ ಅಮೆರಿಕದ ಟೊಪೀಕಾ ನಗರದ ನಿವೃತ್ತ ಸೈನಿಕರ ಆಸ್ಪತ್ರೆಯ ನರ್ಸೊಬ್ಬರು, ಬಾಡಿಗೆ ಕಾರು ಹಿಂದಿರುಗಿಸುವಾಗ ಸಿಬ್ಬಂದಿ ಕೈಯಲ್ಲಿದ್ದ ಸ್ಕ್ಯಾನರ್ ನೋಡಿ, ಕಾರಿಗೆ ಇದು ಆಗುವುದಾದರೆ ರೋಗಿಗೆ ಏಕಾಗದು ಎಂದು ಕೇಳಿದರು. ಅಲ್ಲಿಂದ ಹುಟ್ಟಿದ್ದು ಈ ಪದ್ಧತಿ: ರೋಗಿಯ ಗುರುತಿನ ಕೈಪಟ್ಟಿ ಸ್ಕ್ಯಾನ್, ಔಷಧ ಸ್ಕ್ಯಾನ್, ಎರಡೂ ಆರ್ಡರಿಗೆ ತಾಳೆಯಾದರೆ ಮಾತ್ರ ಮುಂದೆ. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸಮಯದ ತಪ್ಪನ್ನು ಹೊರತುಪಡಿಸಿ, ಔಷಧ ಕೊಡುವಾಗಿನ ತಪ್ಪುಗಳು ಶೇ 11.5ರಿಂದ ಶೇ 6.8ಕ್ಕೆ ಇಳಿದವು. ಆರ್ಡರ್ ನಕಲು ಮಾಡುವಾಗಿನ ತಪ್ಪುಗಳು ಇಲ್ಲವೇ ಆದವು.

ಕೊಡುವಾಗಿನ ತಪ್ಪು ಸೊನ್ನೆಯಾಗಲಿಲ್ಲ ಏಕೆ? ಕೈಪಟ್ಟಿ ಒದ್ದೆಯಾಗಿ ಮಾಸಿರುತ್ತದೆ. ಬ್ಯಾಗಿನ ಮೇಲಿನ ಕೋಡ್ ಸುಕ್ಕಾಗಿರುತ್ತದೆ. ಅರ್ಧ ಮಾತ್ರೆಗೆ ಕೋಡ್ ಇರುವುದಿಲ್ಲ. ಸ್ಕ್ಯಾನರ್ ಬ್ಯಾಟರಿ ಮುಗಿದಿರುತ್ತದೆ, ಗಾಡಿ ಬಾಗಿಲು ದಾಟುವುದಿಲ್ಲ, ಮಲಗಿದ ರೋಗಿಯ ಕೈ ಹೊದಿಕೆಯ ಒಳಗೆ. ಆಗ ಮೇಜಿನ ಅಂಚಿಗೆ ಐದಾರು ರೋಗಿಗಳ ಕೈಪಟ್ಟಿಯ ಪ್ರತಿಗಳು ಅಂಟಿಕೊಳ್ಳುತ್ತವೆ. ಅಲ್ಲೇ ಸ್ಕ್ಯಾನ್ ಮುಗಿಸಿ, ಐದು ಲೋಟ ಮಾತ್ರೆ ಹಿಡಿದು ಹೊರಡುತ್ತಾರೆ. ವರದಿಯಲ್ಲಿ ಶೇ 98 ಸ್ಕ್ಯಾನ್. ಶೇ 95 ಮುಟ್ಟಬೇಕೆಂಬುದು ಚಾಲ್ತಿಯಲ್ಲಿರುವ ಗುರಿ, ಆದರೆ ಆ ಅಂಕಿಯೊಂದನ್ನೇ ನೋಡಿ ಸಮಾಧಾನ ಪಡುವುದು ಭ್ರಮೆ. ನೋಡಬೇಕಾದದ್ದು ಸಮಯ: ಇಪ್ಪತ್ತು ಸೆಕೆಂಡಿನಲ್ಲಿ ಮೂರು ಬೇರೆ ಬೇರೆ ಕೋಣೆಯ ರೋಗಿಗಳ ಕೈಪಟ್ಟಿ ಸ್ಕ್ಯಾನ್ ಆಗಿದ್ದರೆ ಕತೆ ಅಲ್ಲೇ ತಿಳಿಯುತ್ತದೆ. ಹಾಗೆಂದು ನರ್ಸನ್ನು ಬೈದರೆ ಪ್ರತಿಗಳು ಡ್ರಾಯರಿನೊಳಗೆ ಹೋಗುತ್ತವೆ, ಅಷ್ಟೆ. ಬಾಗಿಲು ದಾಟದ ಗಾಡಿಯನ್ನು ಬದಲಿಸಬೇಕು.

ಪಂಪ್

ಡ್ರಿಪ್ ಪಂಪಿನೊಳಗೆ ಒಂದು ಔಷಧ ಲೈಬ್ರರಿ ಇರುತ್ತದೆ. ಔಷಧ ಆರಿಸಿ, ತೂಕ, ಡೋಸ್ ಕೊಟ್ಟರೆ ವೇಗವನ್ನು ಅದೇ ಲೆಕ್ಕ ಹಾಕುತ್ತದೆ. ಮಿತಿ ದಾಟಿದರೆ ಎಚ್ಚರಿಸುತ್ತದೆ ಅಥವಾ ತಡೆಯುತ್ತದೆ. ಹೆಪಾರಿನ್ ಅನ್ನು ಉದಾಹರಣೆಗೆ ನೋಡಿ, ಅದೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. 70 ಕೆಜಿ ರೋಗಿ, ಗಂಟೆಗೆ ಕೆಜಿಗೆ 18 ಯೂನಿಟ್ ಎಂದರೆ 1,260 ಯೂನಿಟ್. 250 ಮಿ.ಲೀ. ಬ್ಯಾಗಿನಲ್ಲಿ 25,000 ಯೂನಿಟ್ ಇದ್ದರೆ ಪ್ರತಿ ಮಿ.ಲೀ.ಗೆ 100; ವೇಗ ಗಂಟೆಗೆ 12.6 ಮಿ.ಲೀ. ವೇಗವನ್ನೇ ನೇರವಾಗಿ ತುಂಬುವಾಗ ಚುಕ್ಕೆ ಬಿಟ್ಟು 126 ಎಂದು ಒತ್ತಿದರೆ ಲೈಬ್ರರಿ ತಡೆಯುತ್ತದೆ.

ಆದರೆ ಅದೇ 25,000 ಯೂನಿಟ್ 500 ಮಿ.ಲೀ. ಬ್ಯಾಗಿನಲ್ಲೂ ಸಿಗುತ್ತದೆ. ಕೈಯಲ್ಲಿರುವುದು 250ರ ಬ್ಯಾಗ್, ಪಂಪಿನಲ್ಲಿ ಆರಿಸಿದ್ದು 500ರದ್ದು ಎಂದುಕೊಳ್ಳಿ. ಪಂಪ್ ಗಂಟೆಗೆ 25.2 ಮಿ.ಲೀ. ಹರಿಸುತ್ತದೆ, ರೋಗಿಗೆ ಹೋಗುವುದು 2,520 ಯೂನಿಟ್, ದುಪ್ಪಟ್ಟು. ಪಂಪಿನ ಪರದೆಯಲ್ಲಿ ಮಾತ್ರ 18 ಎಂದೇ ಇರುತ್ತದೆ. ಯಾವ ಮಿತಿಯೂ ಮುರಿದಿಲ್ಲ, ಯಾವ ಗಂಟೆಯೂ ಬಾರಿಸುವುದಿಲ್ಲ. ಇದಕ್ಕೆ ಉತ್ತರ ಇನ್ನೊಂದು ಅಲರ್ಟ್ ಅಲ್ಲ. ಆಸ್ಪತ್ರೆಯೊಳಗೆ ಪ್ರತಿ ಮಿ.ಲೀ.ಗೆ ಇಷ್ಟೇ ಯೂನಿಟ್ ಎಂಬ ಒಂದೇ ಬಗೆಯ ಹೆಪಾರಿನ್ ಬ್ಯಾಗ್ ಇಟ್ಟುಕೊಳ್ಳುವುದು. ಅದರ ಮೇಲೆ, ರೋಗಿ, ಬ್ಯಾಗ್, ಪಂಪ್ ಮೂರನ್ನೂ ಸ್ಕ್ಯಾನ್ ಮಾಡಿದರೆ ಆರ್ಡರಿನ ಅಂಕಿಗಳು ತಾವಾಗಿಯೇ ಪಂಪಿಗೆ ಇಳಿಯುವ ಜೋಡಣೆ.

ಲೈಬ್ರರಿ ತಿದ್ದಿದ ಕೂಡಲೇ ಎಲ್ಲ ಪಂಪಿಗೂ ತಲುಪಿತೆಂದು ತಿಳಿಯಬಾರದು. ವೈಫೈ ಮೂಲಕ ಕಡತ ಬಂದು ಕುಳಿತರೂ, ಅನೇಕ ಪಂಪ್‌ಗಳು ಆಫ್ ಆಗಿ ಮತ್ತೆ ಆನ್ ಆದಾಗಲೇ ಹೊಸದಕ್ಕೆ ಬದಲಾಗುತ್ತವೆ. ಉಗ್ರಾಣದ ಮೂಲೆಯಲ್ಲಿದ್ದ ಪಂಪ್ ತಿಂಗಳುಗಟ್ಟಲೆ ಹಳೆಯ ಮಿತಿಯಲ್ಲೇ ಇರಬಹುದು. ಲೈಬ್ರರಿ ಬಿಟ್ಟು ಬರೀ ಗಂಟೆಗೆ ಇಷ್ಟು ಮಿ.ಲೀ. ಎಂದು ಓಡಿಸುವ ಸಾದಾ ಮೋಡ್‌ನಲ್ಲಂತೂ ಯಾವ ಕಾವಲೂ ಇಲ್ಲ.

ನಡುವಿನ ತಂತಿಗಳು

ಇಷ್ಟೂ ಯಂತ್ರಗಳು ಬೇರೆ ಬೇರೆ ಕಂಪನಿಯವು. ಎಚ್‌ಎಲ್7 ಎಂಬ ಸಂದೇಶ ಪದ್ಧತಿಯಲ್ಲಿ ಅವು ಮಾತಾಡಿಕೊಳ್ಳುತ್ತವೆ: ದಾಖಲಾದರು, ವಾರ್ಡ್ ಬದಲಾಯಿತು, ಹೊಸ ಆರ್ಡರ್, ಆರ್ಡರ್ ರದ್ದು, ಕೊಟ್ಟಾಯಿತು. ಹೊಸ ಆರ್ಡರಿನ ಸಂದೇಶ ಕಳೆದುಹೋದರೆ ಔಷಧ ಬಂದಿಲ್ಲವೆಂದು ಯಾರಾದರೂ ಫೋನ್ ಮಾಡುತ್ತಾರೆ. ರದ್ದಿನ ಸಂದೇಶ ಕಳೆದುಹೋದರೆ ಯಾರೂ ಮಾಡುವುದಿಲ್ಲ; ವೈದ್ಯರು ನಿಲ್ಲಿಸಿದ ಔಷಧವನ್ನು ಕಪಾಟು ಕೊಡುತ್ತಲೇ ಇರುತ್ತದೆ.

ಇನ್ನೊಂದು ಸೂಕ್ಷ್ಮ. 9.50ಕ್ಕೆ ಒಂದು ಡ್ರಿಪ್ ಫಾರ್ಮಸಿಯಿಂದ ಹೊರಟಿದೆ, 10ಕ್ಕೆ ವೈದ್ಯರು ಅದರ ಡೋಸ್ ಇಳಿಸಿದ್ದಾರೆ. ಬ್ಯಾಗಿನ ಲೇಬಲ್ಲಿನ ಕೋಡ್‌ನಲ್ಲಿ ಆರ್ಡರ್ ಸಂಖ್ಯೆ ಇದ್ದರೆ ಹಾಸಿಗೆಯ ಪಕ್ಕ ಸ್ಕ್ಯಾನರ್ ‘ಈ ಆರ್ಡರ್ ಈಗಿಲ್ಲ’ ಎನ್ನುತ್ತದೆ. ಬರೀ ಔಷಧದ ಸಂಖ್ಯೆ ಇದ್ದರೆ ಹಳೆಯ ಬ್ಯಾಗಿಗೂ ಹಸಿರು ದೀಪವೇ. ರೋಗಿಗೆಂದೇ ತಯಾರಿಸಿದ ಯಾವುದಕ್ಕೂ ಆರ್ಡರ್ ಸಂಖ್ಯೆಯ ಕೋಡೇ ಇರಬೇಕು ಎನ್ನುವುದು ಇದಕ್ಕಾಗಿ.

ವ್ಯವಸ್ಥೆ ಪೂರ್ತಿ ನಿಂತ ದಿನಕ್ಕೆ ಪ್ರತಿ ವಾರ್ಡಿನಲ್ಲೂ ಒಂದು ಬೇರೆ ಕಂಪ್ಯೂಟರ್ ಇರುತ್ತದೆ. ರೋಗಿಗಳ ಔಷಧ ಪಟ್ಟಿಯ ಪ್ರತಿ ಆಗಾಗ ಅದರಲ್ಲಿ ಉಳಿಯುತ್ತದೆ, ಜೋಡಿಸಿದ ಪ್ರಿಂಟರ್ ನೆಟ್‌ವರ್ಕ್ ಇಲ್ಲದೆಯೂ ಮುದ್ರಿಸುತ್ತದೆ. ಎರಡಕ್ಕೂ ಜನರೇಟರ್ ಸಾಲಿನ ಪ್ಲಗ್ ಬೇಕು. ಜನ ಎಡವುವುದು ನಿಂತಾಗ ಅಲ್ಲ, ಮತ್ತೆ ಶುರುವಾದಾಗ. ಕಾಗದದಲ್ಲಿ ಬರೆದ ಹೊಸ ಆರ್ಡರ್‌ಗಳು, ರದ್ದಾದವು ಮೊದಲು ಒಳಗೆ ಹೋಗಬೇಕು. ನಂತರ ಕೊಟ್ಟ ಡೋಸ್‌ಗಳು. ಕಪಾಟಿನ ಎಣಿಕೆ ಕೊನೆಗೆ. ಅಷ್ಟು ಮುಗಿಯುವವರೆಗೆ ಪರದೆಯನ್ನು ನೋಡಿ ಯಾರೂ ಔಷಧ ಕೊಡಬಾರದು. ಏಕೆಂದರೆ ಎಂಟು ಗಂಟೆಗೆ ಕಾಗದದ ಮೇಲೆ ಗುರುತು ಹಾಕಿ ಕೊಟ್ಟ ಇನ್ಸುಲಿನ್ ಒಂಬತ್ತಕ್ಕೆ ಪರದೆಯಲ್ಲಿ ‘ಇನ್ನೂ ಕೊಟ್ಟಿಲ್ಲ’ ಎಂದು ಕೆಂಪಗೆ ಹೊಳೆಯುತ್ತಿರುತ್ತದೆ, ಪಾಳಿ ಬದಲಾಗಿ ಈಗಷ್ಟೇ ಬಂದ ನರ್ಸ್ ಕೈಯಲ್ಲಿ ಸ್ಕ್ಯಾನರ್ ಇರುತ್ತದೆ, ಸ್ಕ್ಯಾನ್ ಮಾಡಿದರೆ ಅದು ಸರಿ ಎಂದೇ ಹೇಳುತ್ತದೆ.